ಮೋನು ದೋಣಿಯಲ್ಲಿದ್ದ ದಿನ

ಕರೋಲ್ ಬಾಗ್, ದೆಹಲಿ
೩ ಸೆಪ್ಟೆಂಬರ್ ೨೦೦೬

ಚಿರಂಜೀವಿ ಪ್ರಜ್ಞಾ,

ಆಶೀರ್ವಾದವೂ ಇದೆ, ಸಿಟ್ಟೂ ಇದೆ. ಎರಡನ್ನೂ ಒಂದೇ ಲಕೋಟೆಯಲ್ಲಿ ಕಳಿಸುತ್ತಿದ್ದೇನೆ. ಯಾವುದನ್ನು ಮೊದಲು ತೆಗೆದುಕೊಳ್ಳುತ್ತೀಯೋ ನಿನಗೆ ಬಿಟ್ಟದ್ದು.

ಫೋನಿನಲ್ಲಿ ನಾವಿಬ್ಬರು ಕೂಗಾಡಿದರೆ ಹೋಟೆಲಿನಲ್ಲಿ ದೋಸೆ ತಿನ್ನುವವರು ತಟ್ಟೆ ಬಿಟ್ಟು ಗಲ್ಲಾ ಕಡೆ ನೋಡುತ್ತಾರೆ. ಅದಕ್ಕೇ ನಿನ್ನ ಅಮ್ಮ ತೀರ್ಪು ಕೊಟ್ಟಿದ್ದಾಳೆ: "ಇನ್ನು ಅಪ್ಪ ಮಗಳು ಬರೆದುಕೊಳ್ಳಿ. ಕಾಗದಕ್ಕೆ ಗಂಟಲಿಲ್ಲ." ನಿನ್ನನ್ನು ಕನ್ನಡ ಶಾಲೆಗೆ ಹಾಕಿದ್ದು ಹೀಗೆ ಉಪಯೋಗಕ್ಕೆ ಬರುತ್ತದೆ ಅಂತ ನಾನು ಎಣಿಸಿರಲಿಲ್ಲ.

ಅಜ್ಜಿಯ ಕಣ್ಣಿನ ಆಪರೇಷನ್ನಿಗೆ ಅಂತ ಊರಿಗೆ ಹೋದವಳು ನೀನು. ಎರಡು ತಿಂಗಳು ಅಂದಿದ್ದೆ. ಅಜ್ಜಿಗೆ ಈಗ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಕಾಣುತ್ತದಂತೆ, ನಿನಗೆ ಮಾತ್ರ ದೆಹಲಿಯ ದಾರಿ ಕಾಣುತ್ತಿಲ್ಲ. ಈಗ ಅಮ್ಮನ ಬಾಯಿಂದ ಹೊಸ ಸುದ್ದಿ. ಹೊರ ಊರಿನವರನ್ನು ದೋಣಿಯಲ್ಲಿ ಕೂರಿಸಿಕೊಂಡು, ಅಳಿವೆಗೆ ಕರೆದುಕೊಂಡು ಹೋಗಿ, ಗಾಳ ಹಾಕಿಸುತ್ತೀಯಂತೆ. ಅವರು ದುಡ್ಡು ಕೊಟ್ಟು ಮೀನು ಹಿಡಿದು, ಫೋಟೋ ತೆಗೆಸಿಕೊಂಡು, ಆ ಮೀನನ್ನು ವಾಪಸು ನೀರಿಗೆ ಬಿಡುತ್ತಾರಂತೆ! ಬಿಡುವುದಾದರೆ ಹಿಡಿಯುವುದು ಯಾಕೆ ಮಾರಾಯ್ತಿ? ನಾನು ದೋಸೆ ಹುಯ್ದು, ಗಿರಾಕಿಗೆ ತೋರಿಸಿ, ತಿರುಗಿ ಹಿಟ್ಟಿನ ಪಾತ್ರೆಗೆ ಹಾಕಿದ ಹಾಗಾಯಿತು.

ಮೀನು ಹಿಡಿಯುವ ಮೊಗವೀರರ ಮನೆಯಲ್ಲಿ ಹುಟ್ಟಿ ಇಡ್ಲಿ ಬೇಯಿಸಿ ಬದುಕಿದವನು ನಾನು. ದಕ್ಷಿಣದವನು, ಶುದ್ಧ ಸಸ್ಯಾಹಾರಿ ಹೋಟೆಲು ಇಟ್ಟವನು ಅಂದರೆ ಇಲ್ಲಿಯವರ ಪಾಲಿಗೆ ಪಂಡಿತನೇ. "ಪಂಡಿತ್‌ಜೀ, ಏಕ್ ಮಸಾಲಾ" ಅಂದಾಗ ನಾನೂ ಇಷ್ಟು ವರ್ಷ ಅಲ್ಲ ಅಂದಿಲ್ಲ. ಈಗ ಪಂಡಿತ್‌ಜೀ ಮಗಳು ಮೀನಿನ ಹಿಂದೆ!

ಕೆಲಸದ ಮಾತಿಗೆ ಬರುತ್ತೇನೆ. ಜನಕಪುರಿಯ ಚಂದ್ರಮೋಹನ್‌ಜೀ ಗೊತ್ತಲ್ಲ, ಪ್ರತಿ ಮಂಗಳವಾರ ಎರಡು ತಟ್ಟೆ ಇಡ್ಲಿ ತಿನ್ನುವವರು. ತಮ್ಮ ಆಫೀಸಿನಲ್ಲಿ ನಿನಗೊಂದು ಜಾಗ ಇಟ್ಟಿದ್ದಾರೆ. ಹೋಳಿಯವರೆಗೆ ಕಾಯುತ್ತಾರಂತೆ. ಮನೆಯಿಂದ ಮೆಟ್ರೋದಲ್ಲಿ ಕೂತರೆ ನೇರ ಜನಕಪುರಿ. ನನಗೆ ಆ ಮೆಟ್ರೋ ಆಗಿಬರುವುದಿಲ್ಲ, ನಾನು ನಡೆಯುವವನೇ. ನೀನು ಆರಾಮಾಗಿ ಹೋಗಿಬರಬಹುದು.

ಬೇಗ ಬರೆ. ಅಲ್ಲ, ಬೇಗ ಬಾ.

ನಿನ್ನ ಅಪ್ಪ
ಮೋನಪ್ಪ

*

ಹೊಳೆಬಾಗಿಲು
೧೯ ಸೆಪ್ಟೆಂಬರ್ ೨೦೦೬

ಅಪ್ಪಾ,

ಸಿಟ್ಟನ್ನು ಮೊದಲು ತೆಗೆದುಕೊಂಡೆ, ಅದು ಬೇಗ ಹಳಸುತ್ತದೆ ಅಂತ. ಆಶೀರ್ವಾದ ಇನ್ನೂ ಲಕೋಟೆಯಲ್ಲೇ ಭದ್ರವಾಗಿದೆ.

ಇದೆಲ್ಲ ಶುರುವಾದದ್ದು ನನ್ನ ಹಿಂದಿಯಿಂದ. ಪಕ್ಕದ ಮನೆಯ ತಿಲಕ್‌ಗೆ ದೋಣಿ ಇದೆ, ಹಿಂದಿ ಇಲ್ಲ. ಬೀಚಿನ ಹೋಂಸ್ಟೇಗೆ ಬಂದ ಗುಡಗಾಂವ್‌ನವರು ಗಾಳ ಹಿಡಿದುಕೊಂಡು ಅವನ ಹತ್ತಿರ ಕೈಸನ್ನೆ ಮಾಡುತ್ತಿದ್ದರು. ಚಲೋ ಅಂತ ನಾನು ಅವರ ಮಾತು ಕನ್ನಡಕ್ಕೆ ತಿರುಗಿಸಲು ದೋಣಿ ಹತ್ತಿದೆ. ಆಮೇಲೆ ಇಳಿಯಲು ಮನಸ್ಸೇ ಬರಲಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ. ನಾವು ಕಡಲಿಗೆ ಹೋಗುವುದಿಲ್ಲ. ಅಳಿವೆಯ ಒಳಗೆ, ಹೊಳೆ ಕಡಲು ಸೇರುವ ಕಡೆ, ಮೊಣಕಾಲಿನಿಂದ ಎದೆಯವರೆಗಿನ ನೀರಿನಲ್ಲೇ ನಮ್ಮ ಕೆಲಸ. ತಿಲಕ್ ಬಿದಿರಿನ ಗಳ ಊರಿ ದೋಣಿ ಸರಿಸುತ್ತಾನೆ, ನಾನು ಮುಂದೆ ನಿಂತು ನೀರು ನೋಡುತ್ತೇನೆ. ಉಬ್ಬರ ಇದ್ದಾಗ ಕೆಂಬೇರಿ ಮೀನು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನೊಳಗೆ ಅಡಗಿರುತ್ತದೆ. ಇಳಿತ ಶುರುವಾದರೆ ಬೇರಿನಡಿಯ ನೀರು ಜಾರಿ ಹೋಗುತ್ತದಲ್ಲ, ಅದರ ಜೊತೆ ಸಿಗಡಿಗಳೂ ಜಾರುತ್ತವೆ, ಕೆಂಬೇರಿ ಬಾಗಿಲಲ್ಲಿ ಕಾಯುತ್ತಾ ನಿಂತಿರುತ್ತದೆ. ಅಲ್ಲಿಗೆ ಗಾಳ ಬೀಳಬೇಕು. ಗಿರಾಕಿಗಳಿಗೆ ನಾನು ಹೇಳಿಕೊಡುವುದರಲ್ಲಿ ಅರ್ಧ ಇಷ್ಟೇ: ಮಾತಾಡಬೇಡಿ, ದೋಣಿಯ ತಳಕ್ಕೆ ಕಾಲು ಬಡಿಯಬೇಡಿ. ಇಷ್ಟು ಕಡಿಮೆ ನೀರಿನಲ್ಲಿ ಮೀನಿಗೆ ಎಲ್ಲ ಕೇಳಿಸುತ್ತದೆ. ದೆಹಲಿಯವರಿಗೆ ಸುಮ್ಮನಿರುವುದು ಎಷ್ಟು ಕಷ್ಟ ಗೊತ್ತಾ!

ಬಿಡುವುದು ಯಾಕೆ ಅಂದರೆ, ದೊಡ್ಡ ಮೀನು ಬಿಟ್ಟರೆ ಮರಿ ಆಗುತ್ತವೆ, ಮುಂದಿನ ವರ್ಷದ ಗಿರಾಕಿಗೂ ಸಿಗುತ್ತವೆ. ಅಜ್ಜಿಗೆ ಹೇಳಿದೆ. ಅವರು ಬಿಟ್ಟ ಮೀನಿನ ಸಾರಿನ ರುಚಿ ವರ್ಣಿಸಿ ನನ್ನ ಹೊಟ್ಟೆ ಉರಿಸಿದರು.

ಈಗ ನನ್ನ ಕೆಲಸದ ಮಾತು. ತಿಲಕ್ ಸಂಕ್ರಾಂತಿ ಕಳೆದ ಮೇಲೆ ಮಲ್ಪೆಗೆ ಹೋಗುತ್ತಾನೆ, ಟ್ರಾಲ್ ಬೋಟಿನಲ್ಲಿ ಕೆಲಸ ಸಿಕ್ಕಿದೆ. ಅವನ ದೋಣಿ ಅವನ ಮಾವನಿಗೆ. ನನಗೆ ಉಳಿಯುವುದು ನಮ್ಮ ಅಂಗಳದಲ್ಲಿ ತೆಂಗಿನ ಮಡಲಿನ ಕೆಳಗೆ ಮಗುಚಿ ಹಾಕಿರುವ ಅಜ್ಜನ ದೋಣಿ. ತಿಲಕ್ ತಟ್ಟಿ ನೋಡಿದ, ಮರ ಗಟ್ಟಿಯಿದೆ. ಅಜ್ಜಿ ಮಾತ್ರ ಒಪ್ಪುತ್ತಿಲ್ಲ. "ಮಗನ ಕೈ ಬೀಳ್ದೆ ಆ ದೋಣಿ ನೀರು ಮುಟ್ಟೂಕಾಗ" ಅನ್ನುತ್ತಾರೆ. ದೋಣಿಯ ಯಜಮಾನ ತೀರಿಕೊಂಡರೆ ಮಗ ಕಾಯಿ ಒಡೆದು, ಅದನ್ನು ನೀರಿಗಿಳಿಸಿ, ಅಳಿವೆ ಬಾಯಿಯವರೆಗೆ ಒಂದು ಸಲ ಮುಟ್ಟಿಸಿ ತರಬೇಕಂತೆ. ಅಲ್ಲಿಯವರೆಗೆ ದೋಣಿಗೂ ಸೂತಕವಂತೆ. ಅಜ್ಜ ಹೋಗಿ ಹನ್ನೊಂದು ವರ್ಷ!

ಅಪ್ಪಾ, ನೀವೊಂದು ಸಲ ಬಂದು ಕೈ ಇಟ್ಟರೆ ಸಾಕು. ನಿಮಗೆ ಇಷ್ಟವಿಲ್ಲದಿದ್ದರೂ ಬನ್ನಿ, ಬೈಯುತ್ತಾ ಬೇಕಾದರೂ ಕೈ ಇಡಿ. ಫೆಬ್ರವರಿಯೊಳಗೆ ದೋಣಿ ಆಗದಿದ್ದರೆ ಗಿರಾಕಿಗಳಿಗೆ ಬೇಡ ಅನ್ನಬೇಕು, ಆಮೇಲೆ ಜನಕಪುರಿಯೇ ಗತಿ. ನನಗೆ ಅಲ್ಲಿ ಕೂತು ಕೆಲಸ ಮಾಡಲು ಬರುವುದಿಲ್ಲ ಅಂತಲ್ಲ. ಇಲ್ಲಿ ನಿಂತು ನೀರು ನೋಡುವುದು ಬಿಟ್ಟರೆ ನನಗೆ ಅಳು ಬರುತ್ತದೆ, ಅಷ್ಟೇ.

ನಿಮ್ಮ
ಪ್ರಜ್ಞಾ

*

ಕರೋಲ್ ಬಾಗ್
೧೫ ಅಕ್ಟೋಬರ್ ೨೦೦೬

ಪ್ರಜ್ಞಾ,

ದೀಪಾವಳಿಯ ಗಲಾಟೆ. ರಸ್ತೆಯಲ್ಲಿ ಸೈಕಲ್ ರಿಕ್ಷಾ ನುಗ್ಗಲೂ ಜಾಗವಿಲ್ಲ, ಖರೀದಿಗೆ ಬಂದವರೆಲ್ಲ ಕಾಲು ನೋವಿಗೆ ನಮ್ಮ ಹೋಟೆಲಿನಲ್ಲೇ ಕೂರುತ್ತಾರೆ. ಒಂದು ಕಾಫಿಗೆ ಮುಕ್ಕಾಲು ಗಂಟೆ ಕುರ್ಚಿ. ಈಗ ಊರಿಗೆ ಬರುವುದು ಹೇಗೆ? ಸಾಧ್ಯವೇ ಇಲ್ಲ.

ಆದರೂ ಒಂದು ಮಾತು ತಲೆಯಲ್ಲಿ ಕೊರೆಯುತ್ತಿದೆ. ಮೀನನ್ನು ಬಿಡುತ್ತೀರಿ ಸರಿ. ಗಾಳ ಚುಚ್ಚಿದ ಬಾಯಿ ಏನಾಗುತ್ತದೆ? ಬಿಟ್ಟ ಮೇಲೆ ಬದುಕುತ್ತದೆ ಅಂತ ನಿನಗೆ ಹೇಗೆ ಗೊತ್ತು, ಅದೇನು ನಿನಗೆ ಕಾಗದ ಬರೆಯುತ್ತದಾ? ಒಂದೇ ಮೀನು ಎರಡನೇ ಸಲ ಸಿಕ್ಕಿದ್ದು ಉಂಟಾ? ಬೀಸುಬಲೆಗೆ ಬೀಳುವ ಮೀನು ಕಂಡಿದ್ದೇನೆ, ಪ್ಲಾಸ್ಟಿಕ್ ಮೀನಿಗೆ ಮೋಸ ಹೋಗುವ ಮೀನು ಕಂಡಿಲ್ಲ. ಅಮ್ಮ ಹೇಳಿದಳು, ನಿನ್ನ ಹತ್ತಿರ ಅಂಥವು ಒಂದು ಡಬ್ಬಿ ತುಂಬ ಇವೆಯಂತೆ. ಯಾವ ಬಣ್ಣದ್ದಕ್ಕೆ ಹೆಚ್ಚು ಕಚ್ಚುತ್ತವೆ?

ಈ ಮಂಗಳವಾರ ಚಂದ್ರಮೋಹನ್‌ಜೀ ಎದುರಿಗೆ ಬಾಯಿ ತಪ್ಪಿ ಇದೆಲ್ಲ ಹೇಳಿಬಿಟ್ಟೆ. ಅವರು ಹರಿದ್ವಾರದಾಚೆ ಹೊಳೆಯಲ್ಲಿ ಗಾಳ ಹಾಕಿ ಬಂದವರಂತೆ! ಇಷ್ಟು ವರ್ಷದಲ್ಲಿ ಒಂದು ದಿನವೂ ಹೇಳಿರಲಿಲ್ಲ, ಪಂಡಿತರ ಎದುರು ಮೀನಿನ ಮಾತು ಯಾಕೆ ಅಂತ ಸುಮ್ಮನಿದ್ದರಂತೆ. ಅವರಿಗೆ ಇಡ್ಲಿ ತಣ್ಣಗಾದದ್ದೂ ಗೊತ್ತಾಗಲಿಲ್ಲ.

ದೋಣಿಯ ವಿಷಯ ಆಮೇಲೆ ನೋಡೋಣ. ಅಜ್ಜಿಗೆ ಹೇಳು, ಮಡಲು ಬದಲಾಯಿಸಲಿ, ಮಳೆಗೆ ಕೊಳೆತಿರುತ್ತದೆ.

ಅಪ್ಪ

*

ಹೊಳೆಬಾಗಿಲು
೨೬ ನವೆಂಬರ್ ೨೦೦೬

ಅಪ್ಪಾ,

ನೀವು ಗೂಢಚಾರರನ್ನು ಕಳಿಸುವುದಾದರೆ ಬಾಯಿ ಮುಚ್ಚಿಕೊಂಡಿರುವವರನ್ನು ಕಳಿಸಬೇಕು.

ಶುಕ್ರವಾರ ಹೋಂಸ್ಟೇಯಿಂದ ಒಬ್ಬ ಗಿರಾಕಿ ಬಂದರು. ಯಾರೆಂದು ನನಗೆ ಗುರುತು ಹತ್ತುವ ಮೊದಲೇ, ದಂಡೆಯ ಮೇಲೆ ಬಲೆ ಹೊಲಿಯುತ್ತಿದ್ದವರೆಲ್ಲರ ಎದುರಿಗೆ, "ಅರೇ, ತುಮ್ ಪಂಡಿತ್‌ಜೀ ಕೀ ಬೇಟೀ ಹೋ ನಾ!" ಅಂದರು. ಸತ್ತೆ ನಾನು. ಯಾವ ಪಂಡಿತ್‌ಜೀ ಅಂತ ಊರಿನ ಯಜಮಾನಿಕೆಯ ಗುರಿಕಾರರು ಸೂರ ಮರಕಾಲರು ಕೇಳಿದರು. "ಮೋನಪ್ಪ ಪಂಡಿತ್, ಕರೋಲ್ ಬಾಗ್‌ವಾಲೇ" ಅಂತ ಚಂದ್ರಮೋಹನ್‌ಜೀ ಕೈ ಮುಗಿದರು. ಅಜ್ಜಿ ನಕ್ಕ ನಗುವಿಗೆ ಅವರ ಹೊಸ ಕಣ್ಣಿಗೆ ಏನಾದರೂ ಆದೀತು ಅಂತ ನನಗೆ ಭಯವಾಯಿತು. ಈಗ ಊರಿನವರೆಲ್ಲ ನನ್ನನ್ನು ಭಟ್ರ ಮಗಳು ಅಂತ ಕರೆಯುತ್ತಾರೆ.

"ತಾನು ಕಳಿಸಿದ್ದು ಅಂತ ಹೇಳಬೇಡಿ ಅಂದಿದ್ದರು ಪಂಡಿತ್‌ಜೀ" ಅಂತಲೂ ಅವರೇ ಹೇಳಿದರು. ನಾನು ಕೆಲಸ ಹೇಗೆ ಮಾಡುತ್ತೇನೆ, ದೋಣಿ ಗಟ್ಟಿಯಿದೆಯಾ, ನೀರು ಎಷ್ಟು ಆಳ, ನೋಡಿ ಬನ್ನಿ ಅಂತ ಕಳಿಸಿದಿರಂತೆ. ನನಗೆ ಎಷ್ಟು ಖುಷಿಯಾಯಿತು ಗೊತ್ತಾ, ಅಪ್ಪಾ? ನಿಮಗೆ ಇಷ್ಟೊಂದು ಕುತೂಹಲವಿದೆ ಅಂತ ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆಯೆಲ್ಲ ಬೇರುಗಳ ಹತ್ತಿರ ಗಾಳ ಹಾಕಿದೆವು. ಅವರು ಮಾತಾಡುವುದನ್ನು ನಿಲ್ಲಿಸಲೇ ಇಲ್ಲ, ಒಂದೂ ಕಚ್ಚಲಿಲ್ಲ. ಕೊನೆಗೆ ಅಳಿವೆ ಬಾಯಿಯ ಹತ್ತಿರ ಹೋದೆವು. ಅಲ್ಲಿ ಕಡಲಿನ ಅಲೆ ಸಣ್ಣಗೆ ಒಳಗೆ ಬಂದು ದೋಣಿಯನ್ನು ತೊಟ್ಟಿಲು ಆಡಿಸುತ್ತದೆ. ಪಾಪ, ಅವರ ಮುಖ ಹಸಿರಾಯಿತು. ಅಜ್ಜಿ ಕೊಟ್ಟ ಕೊಟ್ಟೆ ಕಡುಬು ಎಲ್ಲ ನೀರಿಗೆ ಹೋಯಿತು. ಆಮೇಲೆ ನಡೆದದ್ದು ಕೇಳಿ. ವಾಂತಿ ಬಿದ್ದ ಕಡೆ ಸಣ್ಣ ಮೀನುಗಳು ಮುತ್ತಿಕೊಂಡವು, ಅವುಗಳ ಹಿಂದೆ ಕೆಂಪಗೆ ಒಂದು ನೆರಳು. ನಾನು ಗಾಳ ಅವರ ಕೈಗಿಟ್ಟೆ. ಆ ದಿನದ ಒಂದೇ ಕೆಂಬೇರಿ ಅದು! ಬಿಟ್ಟೂ ಬಿಟ್ಟರು. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಗಾಳದ ಮುಳ್ಳನ್ನು ಮೊದಲೇ ತಟ್ಟಿ ಚಪ್ಪಟೆ ಮಾಡಿರುತ್ತೇವೆ. ಬಾಯಿಯ ಬಗ್ಗೆ ನೀವು ಕೇಳಿದ್ದಕ್ಕೆ ಅದೇ ಉತ್ತರ.

ಸಂಜೆ ಅಜ್ಜಿಗೆ ಹೇಳಿದೆ. ಅವರು ಸಹಜವಾಗಿ ಅಂದರು: "ನಿನ್ ಅಪ್ಪನೂ ಹೀಂಗೇ. ದೋಣಿ ಹತ್ತಿರೆ ಸಾಕ್, ಹೊಟ್ಟೆಲಿದ್ದದ್ದೆಲ್ಲ ಹೊರಗೆ."

ಅಪ್ಪಾ, ನನಗೆ ಗೊತ್ತಿರಲಿಲ್ಲ. ಅಜ್ಜನ ಹನ್ನೆರಡನೇ ದಿನ ದೋಣಿ ಇಳಿಸಲು ಊರೆಲ್ಲ ದಂಡೆಗೆ ಬರಬೇಕಿತ್ತಂತೆ, ನೀವು ಹಿಂದಿನ ದಿನವೇ ದೆಹಲಿಗೆ ಹೊರಟುಬಿಟ್ಟಿರಂತೆ. ಹೋಟೆಲಿನಲ್ಲಿ ಅಡುಗೆಯವನಿಗೆ ಜ್ವರ ಅಂದಿರಂತೆ. ಅಜ್ಜಿಗೆ ಅದರ ಮೇಲೆ ಸಿಟ್ಟಿಲ್ಲ. "ಊರೆದುರು ಕಕ್ಕುದಕ್ಕೆ ಯಾರಿಗ್ ಇಷ್ಟ" ಅಂದರು.

ಇದಕ್ಕೇನಾ ನೀವು ಮೆಟ್ರೋ ಹತ್ತದೆ ನಡೆಯುವುದು? ಇದಕ್ಕೇನಾ ನಾನು ಚಿಕ್ಕವಳಿದ್ದಾಗ ಮೇಳದಲ್ಲಿ ನೀವು ಉಯ್ಯಾಲೆ ಹತ್ತದೆ ನನ್ನ ಚಪ್ಪಲಿ ಹಿಡಿದು ಕೆಳಗೆ ನಿಲ್ಲುತ್ತಿದ್ದದ್ದು?

ನಿಮ್ಮ
ಪ್ರಜ್ಞಾ

*

ಕರೋಲ್ ಬಾಗ್
೮ ಡಿಸೆಂಬರ್ ೨೦೦೬

ಪ್ರಜ್ಞಾ,

ಪತ್ರ ತಲುಪಿತು. ಮದುವೆ ಸೀಸನ್ನು, ಕೆಲಸ ಜಾಸ್ತಿ. ಜನಕಪುರಿಯ ಜಾಗ ಇನ್ನೂ ಹಾಗೇ ಇದೆ.

ಅಪ್ಪ

(ಮಗಾ, ಇದು ಅಮ್ಮ. ಲಕೋಟೆ ಅಂಟಿಸು ಅಂತ ನನ್ನ ಕೈಗೆ ಕೊಟ್ಟು ಕೆಳಗೆ ಹೋದರು, ಇಷ್ಟು ದೊಡ್ಡ ಹಾಳೆ ಖಾಲಿ ಯಾಕೆ ಕಳಿಸಲಿ ಅಂತ ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿದ ದಿನ ಸಾಂಬಾರಿಗೆ ಉಪ್ಪು ಎರಡು ಸಲ ಬಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ನನಗೂ ಇದು ಗೊತ್ತಿರಲಿಲ್ಲ ಕಣೇ. ರೈಲಿನಲ್ಲಿ ನಿಂಬೆಹಣ್ಣು ಮೂಸುತ್ತಾ ಕೂತಿರುವುದು ಕಂಡಿದ್ದೆ, ಪಿತ್ತ ಅನ್ನುತ್ತಿದ್ದರು, ನಾನೂ ನಂಬಿದ್ದೆ.

ಆದರೆ ಕೇಳು. ಚಂದ್ರಮೋಹನ್‌ಜೀ ಬಂದ ಮಂಗಳವಾರ ನಿನ್ನ ಅಪ್ಪ ಗಲ್ಲಾ ಬಿಟ್ಟು ಅವರ ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ಆ ಕೆಂಬೇರಿಯ ಕತೆಯನ್ನು ಮತ್ತೆ ಮತ್ತೆ ಹೇಳಿಸಿಕೊಂಡರು. ಕೆಂಪು ಎಷ್ಟಿತ್ತು, ಎಳೆದದ್ದು ಹೇಗೆ, ನೀನು ಎಲ್ಲಿ ನಿಂತಿದ್ದೆ, ಗಳ ಊರುವಾಗ ಸದ್ದಾಯಿತಾ. ಅವರ ಸಿಟ್ಟು ನಿನ್ನ ಮೇಲಲ್ಲ. ನೀನು ಹೊಸದಾಗಿ ಬರೆ. ವಾಂತಿ ವಿಷಯ ಬಿಟ್ಟು ಬರೆ. — ರತ್ನಾ)

*

ಹೊಳೆಬಾಗಿಲು
೨೮ ಡಿಸೆಂಬರ್ ೨೦೦೬

ಅಪ್ಪಾ,

ಇದು ಕೆಲಸದ ಪತ್ರ. ಗಿರಾಕಿಗೆ ಬರೆಯುವ ಹಾಗೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹುಣ್ಣಿಮೆಯ ಬೆಳಿಗ್ಗೆ ಇಳಿತ ಬಹಳ ಇರುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ನಮ್ಮ ಅಂಗಳದಿಂದ ಅಳಿವೆ ಬಾಯಿಯವರೆಗೆ ಮರಳಿನ ದಿಬ್ಬ ಎದ್ದುನಿಲ್ಲುತ್ತದೆ. ಅದರ ಅಂಚಿನಲ್ಲಿ ನೀರು ಮೊಣಕಾಲು, ಹೆಚ್ಚೆಂದರೆ ಸೊಂಟ. ಕೆಲವು ಗಿರಾಕಿಗಳನ್ನು ನಾನು ದೋಣಿಯಿಂದ ಇಳಿಸಿಯೇಬಿಡುತ್ತೇನೆ, ನಡೆಯುತ್ತಾ ಗಾಳ ಹಾಕುತ್ತಾರೆ. ಕಾಲೆತ್ತಿ ಇಡಬಾರದು, ಮರಳಿನ ಮೇಲೆ ಜಾರಿಸಬೇಕು, ಆಗ ಅಡಿಯಲ್ಲಿ ಮಲಗಿರುವ ತೊರಕೆ ಮೀನು ಮುಳ್ಳು ಚುಚ್ಚದೆ ದೂರ ಸರಿಯುತ್ತದೆ. ನೀರು ಎಷ್ಟು ತಿಳಿಯೆಂದರೆ ನಿಮ್ಮ ಕಾಲಿನ ಉಗುರು ನಿಮಗೇ ಕಾಣುತ್ತದೆ.

ನಾನು ಗುರಿಕಾರರ ಮನೆಗೆ ಹೋಗಿದ್ದೆ. ಮಗ ದೋಣಿಯಲ್ಲಿ ಕೂರಲೇಬೇಕಾ ಅಂತ ಕೇಳಿದೆ. ಸೂರ ಮರಕಾಲರು ಎಲೆಗೆ ಸುಣ್ಣ ಹಚ್ಚಿ ಅಡಿಕೆಯ ಜೊತೆ ಬಾಯಿಗೆ ಹಾಕಿಕೊಂಡರು. ಆಮೇಲೆ ಹೇಳಿದರು: "ಕೂರ್ಕ್ ಅಂತ ಯಾರೂ ಹೇಳಲಿಲ್ಲ. ಕೈ ಬಿಡೂಕಾಗ, ಅಷ್ಟೇ." ಅಂದರೆ ಕಾಯಿ ಒಡೆದಾಗಿನಿಂದ ಅಳಿವೆ ಬಾಯಿ ಮುಟ್ಟುವವರೆಗೆ ಮಗನ ಕೈ ದೋಣಿಯಿಂದ ತಪ್ಪಬಾರದು. ಎಲ್ಲರೂ ಕೂತೇ ಹೋಗುತ್ತಾರೆ, ಯಾರೂ ನಡೆದು ನೋಡಿಲ್ಲ, ಅದಕ್ಕೇ ಯಾರೂ ಕೇಳಿಲ್ಲ.

ಹಾಗಾಗಿ ಅಪ್ಪಾ, ನೀವು ದೋಣಿಯ ಪಕ್ಕದಲ್ಲಿ ನಡೆಯಿರಿ. ಕೈ ಅದರ ಮೇಲಿರಲಿ. ನಾನು ಮೇಲೆ ನಿಂತು ನೀರು ನೋಡುತ್ತೇನೆ. ಫೆಬ್ರವರಿ ಎರಡಕ್ಕೆ ಹುಣ್ಣಿಮೆ, ಶುಕ್ರವಾರ.

ನೀವು ನನ್ನ ಚಪ್ಪಲಿ ಹಿಡಿದು ನಿಂತದ್ದು ನನಗೆ ಸಣ್ಣ ಸಂಗತಿಯಲ್ಲ. ಈ ಸಲ ನಿಮ್ಮ ಚಪ್ಪಲಿ ನಾನು ಹಿಡಿಯುತ್ತೇನೆ.

ಪ್ರಜ್ಞಾ

*

ಕರೋಲ್ ಬಾಗ್
೧೨ ಜನವರಿ ೨೦೦೭

ಪ್ರಜ್ಞಾ,

ಇಲ್ಲಿ ಮಂಜು. ಎದುರಿನ ಅಂಗಡಿಯ ಬೋರ್ಡು ಹನ್ನೊಂದು ಗಂಟೆಯವರೆಗೆ ಕಾಣುವುದಿಲ್ಲ. ಗಿರಾಕಿಗಳು ಇಡ್ಲಿ ಕೇಳುವುದು ಬಿಟ್ಟು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂರುತ್ತಾರೆ.

ನಿನ್ನ ಪತ್ರ ಓದಿದೆ. ತೊರಕೆ ಮೀನಿನ ವಿಷಯ ನನಗೆ ಹೇಳಿಕೊಡಬೇಡ. ಕಾಲು ಜಾರಿಸಿ ನಡೆಯುವುದನ್ನು ನಾನು ನಿನ್ನ ವಯಸ್ಸಿನ ಅರ್ಧಕ್ಕೇ ಕಲಿತವನು. ನೀರಿಗೆ ನಾನು ಯಾವತ್ತೂ ಹೆದರಿದವನಲ್ಲ, ಈಜಿನಲ್ಲಿ ತಿಲಕನ ಅಪ್ಪನನ್ನು ಹಿಂದೆ ಹಾಕುತ್ತಿದ್ದೆ. ದೋಣಿ ಅಲ್ಲಾಡುವುದಕ್ಕೂ ನನ್ನ ಹೊಟ್ಟೆಗೂ ಮಾತ್ರ ಸರಿ ಬರಲಿಲ್ಲ.

ನೀನು ಕೇಳಿದ್ದೀಯಲ್ಲ, ಹೇಳಿಬಿಡುತ್ತೇನೆ. ಅಪ್ಪ ನನ್ನನ್ನು ಒಂದು ಮಳೆಗಾಲ ಮುಗಿದ ಮೇಲೆ ದೋಣಿಗೆ ಕರೆದುಕೊಂಡು ಹೋಗಲು ಶುರುಮಾಡಿದ. ದಿನಾ ವಾಂತಿ. ಎಲ್ಲರ ಮಕ್ಕಳಿಗೂ ನಾಲ್ಕು ದಿನ ಆಗಿ ನಿಲ್ಲುತ್ತದೆ, ನನಗೆ ನಿಲ್ಲಲೇ ಇಲ್ಲ. ಒಂದು ಬೆಳಿಗ್ಗೆ ಅಪ್ಪ ನನ್ನನ್ನು ಎಬ್ಬಿಸದೆ ಹೊರಟುಹೋದ. ಮರುದಿನವೂ ಎಬ್ಬಿಸಲಿಲ್ಲ. ಬೈಯಲಿಲ್ಲ, ಕೇಳಲಿಲ್ಲ, ಆ ವಿಷಯವೇ ಎತ್ತಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದೆ. ಕೆಲಸಕ್ಕೆ ಬಾರದವನು ಅಂತ ಬಿಟ್ಟುಬಿಟ್ಟ ಅಂದುಕೊಂಡೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ. ಅವನ ದೋಣಿಯ ಮೇಲೆ ಯಾವ ಮುಖ ಇಟ್ಟುಕೊಂಡು ಕೈ ಇಡಲಿ ಹೇಳು.

ಅಂದಹಾಗೆ, ದಿಬ್ಬದ ಮರಳು ಈಗಲೂ ಗಟ್ಟಿಯಾ, ಕಾಲು ಹೂತುಹೋಗುವುದಿಲ್ಲವಾ? ನಡುವೆ ಎಲ್ಲೂ ಕಡಿದು ನೀರು ಹರಿಯುವುದಿಲ್ಲ ತಾನೇ? ನಮ್ಮ ಕಾಲದಲ್ಲಿ ಒಂದೊಂದು ಮಳೆಗೆ ಒಂದೊಂದು ಕಡೆ ಕಡಿಯುತ್ತಿತ್ತು. ಸರಿಯಾಗಿ ನೋಡಿಟ್ಟುಕೋ.

ಬರುತ್ತೇನೆ ಅಂತ ನಾನು ಹೇಳಿಲ್ಲ. ಮೂವತ್ತನೇ ತಾರೀಕು ನಿಜಾಮುದ್ದೀನ್‌ನಿಂದ ಹೊರಡುವ ರೈಲಿಗೆ ನಿನ್ನ ಅಮ್ಮ ನನ್ನನ್ನು ಕೇಳದೆ ಟಿಕೆಟು ತೆಗೆಸಿದ್ದಾಳೆ, ಅಷ್ಟೇ. ಚಂದ್ರಮೋಹನ್‌ಜೀ ಗಲ್ಲಾ ಮೇಲೆ ಕೂರುತ್ತಾರಂತೆ. ಈ ಮನೆಯಲ್ಲಿ ನನ್ನ ಮಾತು ಯಾರು ಕೇಳುತ್ತಾರೆ.

ಅಪ್ಪ

*

ಹೊಳೆಬಾಗಿಲು
೩ ಫೆಬ್ರವರಿ ೨೦೦೭

ರತ್ನಾ,

ಫೋನಿನಲ್ಲಿ "ಆಯ್ತು, ಎಲ್ಲ ಚೆನ್ನಾಗಿ ಆಯ್ತು" ಅಂದೆ. ನೀನು ಇನ್ನಷ್ಟು ಕೇಳಿದೆ, ಸಿಗ್ನಲ್ ಇಲ್ಲ ಅಂತ ಇಟ್ಟುಬಿಟ್ಟೆ. ಸಿಗ್ನಲ್ ಇತ್ತು. ಕಾಗದಕ್ಕೆ ಗಂಟಲಿಲ್ಲ ಅಂತ ನೀನೇ ಹೇಳಿದ್ದಲ್ಲವಾ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ದಂಡೆಯ ಮೇಲೆ ಊರೇ ನೆರೆದಿತ್ತು. ಪಂಡಿತ್‌ಜೀ ಬಂದ್ರು, ದಾರಿ ಬಿಡಿ ಅಂತ ಹುಡುಗರು ಕೂಗಿದರು. ನಗಲಿ, ಇಷ್ಟು ವರ್ಷ ಬಾರದವನಿಗೆ ಅಷ್ಟಾದರೂ ಬೇಡವಾ. ಕಾಯಿ ಒಡೆದೆ. ದೋಣಿಯ ಮೂತಿಯ ಮೇಲೆ ಕೈ ಇಟ್ಟೆ. ಅಪ್ಪ ಹಗ್ಗ ಎಳೆದೆಳೆದು ಸವೆದ ಗುಳಿಯೊಂದು ಅಲ್ಲಿದೆ, ನನ್ನ ಹೆಬ್ಬೆರಳು ಅದರೊಳಗೆ ಹೋಗಿ ಕೂತಿತು. ಹತ್ತು ಜನ ಸೇರಿ ದೂಡಿದೆವು. ದೋಣಿ ನೀರಿಗೆ ಇಳಿದು ಹಗುರಾಯಿತು.

ಮೇಲೆ ಇಬ್ಬರೇ. ಹಿಂದೆ ಗುರಿಕಾರರು ಗಳ ಹಿಡಿದು, ಮುಂದೆ ನಿನ್ನ ಮಗಳು. ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದಳು ನೋಡು ರತ್ನಾ, ಹೊಟ್ಟೆಯೊಳಗೆ ಹೆಮ್ಮೆ ಅನ್ನುವುದು ಹೀಗಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಪಕ್ಕದಲ್ಲಿ ನಡೆದೆ. ನೀರು ಬೆಚ್ಚಗಿತ್ತು. ಏಡಿ ಮರಿಗಳು ಕಾಲಿನ ಮುಂದಿನಿಂದ ಓಡುತ್ತಿದ್ದವು. "ಎಡಕ್ಕೆ ಬನ್ನಿ ಅಪ್ಪಾ, ಬಲಕ್ಕೆ ಕೆಸರು" ಅಂತ ಅವಳು ಸಣ್ಣ ದನಿಯಲ್ಲಿ ಹೇಳುತ್ತಿದ್ದಳು, ನಾನು ಗಿರಾಕಿಯ ಹಾಗೆ ಹೇಳಿದಲ್ಲಿ ಕಾಲಿಡುತ್ತಿದ್ದೆ.

ಅಳಿವೆ ಬಾಯಿ ಇನ್ನೇನು ಬಂತು ಅನ್ನುವಾಗ ಅವಳು ಕೈ ಎತ್ತಿದಳು. ದಿಬ್ಬ ಕಡಿದಿತ್ತು. ವಾರದ ಹಿಂದೆ ನೋಡಿದಾಗ ಇರಲಿಲ್ಲವಂತೆ. ಹಸಿರು ನೀರು ಸುಳಿಯುತ್ತಾ ಹೋಗುತ್ತಿತ್ತು, ಗಳ ಊರಿದರೆ ಆಳೆತ್ತರಕ್ಕಿಂತ ಹೆಚ್ಚು ಮುಳುಗಿತು. ಕೈ ಬಿಟ್ಟು ಈಜಬೇಕು, ಇಲ್ಲ ದೋಣಿ ಹತ್ತಬೇಕು. ಅವಳು ಕಪ್ಪು ಕನ್ನಡಕ ತೆಗೆದಳು. "ಅಪ್ಪಾ, ಸಾಕು, ವಾಪಸು ಹೋಗೋಣ. ನಾನು ಜನಕಪುರಿಗೆ ಬರ್ತೀನಿ" ಅಂದಳು. ನನ್ನ ಮಾನ ಉಳಿಸಲು ಅವಳು ಅಷ್ಟು ಸುಲಭವಾಗಿ ತನ್ನ ಕೆಲಸ ಬಿಡಲು ಹೊರಟದ್ದು ಕಂಡು ನನಗೆ ಕೆಟ್ಟ ಸಿಟ್ಟು ಬಂತು. "ಸುಮ್ಮನಿರೇ, ಮೀನಿಗೆ ಕೇಳಿಸುತ್ತದೆ" ಅಂದು ಹತ್ತಿಬಿಟ್ಟೆ.

ಆಮೇಲೆ ಆಗಬೇಕಾದದ್ದೇ ಆಯಿತು. ಅಲೆ ತೊಟ್ಟಿಲು ಆಡಿಸಿತು. ಅಮ್ಮ ಬೆಳಿಗ್ಗೆ ಕೊಟ್ಟ ಗಂಜಿ, ಉಪ್ಪಿನಕಾಯಿ, ಹಿಂದಿನ ದಿನ ರೈಲಿನಲ್ಲಿ ತಿಂದದ್ದು, ಎಲ್ಲ ಊರಿನವರ ಎದುರಿಗೇ ಹೊರಗೆ. ದಂಡೆಯಲ್ಲಿ ನಗು ಎದ್ದಿತು. ನಾನು ಕಣ್ಣು ಮುಚ್ಚಿ ದೋಣಿಯ ಅಂಚು ಹಿಡಿದುಕೊಂಡಿದ್ದೆ. ಕೈ ಮಾತ್ರ ಬಿಡಲಿಲ್ಲ.

ಹಿಂದಿನಿಂದ ಸೂರಣ್ಣ ಕೂಗಿದರು: "ಹೋಯ್ ಮೋನು, ಕಣ್ ಬಿಟ್ಟು ನೀರ್ ಕಾಣ್!" ನೋಡಿದೆ. ಬೆಳ್ಳಿ ಚೂರಿನಂಥ ಮೀನುಗಳು ಮುತ್ತಿಕೊಂಡಿದ್ದವು, ಅದರಡಿಯಲ್ಲಿ ಕೆಂಪಗೆ ಎರಡು ಮೂರು ದೊಡ್ಡವು. ಮುದುಕ ನಗುತ್ತಾ ಅಂದರು: "ನಿನ್ ಅಪ್ಪ ಹೇಳ್ತಿದ್ದದ್ದು ಇದೇ. ಮೋನು ದೋಣಿಲಿದ್ದ ದಿನ ಬಲೆ ಖಾಲಿ ಬಪ್ಪುದಿಲ್ಲ ಅಂತ."

"ಏನು?" ಅಂದೆ ನಾನು. ಅವರು ಗಳ ಊರುವುದನ್ನೇ ನಿಲ್ಲಿಸಿ ಹೇಳಿದರು. ನಾನು ಹೋದ ದಿನವೆಲ್ಲ ಮೀನು ಹೆಚ್ಚು ಸಿಗುತ್ತಿತ್ತಂತೆ. ಹುಡುಗನನ್ನು ದಿನಾ ಕರೆದುಕೊಂಡು ಬಾ ಅಂತ ಇವರೆಲ್ಲ ಅಪ್ಪನ ಬೆನ್ನು ಹತ್ತಿದ್ದರಂತೆ. ಅಪ್ಪ ಕೇಳಲಿಲ್ಲವಂತೆ. "ಬ್ಯಾಡ. ಮಾಣಿ ಸೋತ್ ಹೋತ. ಮೀನ್ ಸಿಕ್ಕದಿದ್ರೂ ಅಡ್ಡಿಲ್ಲ, ಅವ ಮಲಗ್ಲಿ" ಅಂದನಂತೆ.

ಮಲಗಲಿ ಅಂತ ಎಬ್ಬಿಸದೆ ಹೋದನಂತೆ ರತ್ನಾ. ನಾನು ಆ ಬೆಳಿಗ್ಗೆಗಳನ್ನೆಲ್ಲ ಬೇರೆಯೇ ಅಂದುಕೊಂಡು ದೆಹಲಿಯವರೆಗೆ ಬಂದುಬಿಟ್ಟೆ. ಅಳು ಬಂತು. ವಾಂತಿಯಿಂದ ಕಣ್ಣಲ್ಲಿ ನೀರು ಬಂದದ್ದು ಅಂತ ದಂಡೆಯವರು ತಿಳಿದಿರಬೇಕು, ಪ್ರಜ್ಞಾ ಹಾಗೆ ತಿಳಿಯಲಿಲ್ಲ. ಅವಳು ಗಾಳ ತಂದು ನನ್ನ ಎಡಗೈಗೆ ಇಟ್ಟಳು. ಬಲಗೈ ದೋಣಿಯ ಮೇಲೇ ಇತ್ತಲ್ಲ.

ಕಚ್ಚಿತು. ಒಂದೇ ಕೈಯಲ್ಲಿ ನಾನು, ಎರಡು ಕೈಯಲ್ಲಿ ಅವಳು, ಹೇಗೋ ಎಳೆದೆವು. ಮೊಳದುದ್ದದ ಕೆಂಬೇರಿ. ಅವಳು ಕೈ ಒದ್ದೆ ಮಾಡಿಕೊಂಡು ಅದನ್ನು ಎತ್ತಿ ನನ್ನ ಮುಖ ನೋಡಿದಳು. "ಬಿಡೋಣವಾ ಅಪ್ಪಾ?" ಅಂದಳು.

"ಹುಚ್ಚಾ ನಿನಗೆ?" ಅಂದೆ. "ನನ್ನ ಹೊಟ್ಟೆಯಿಂದ ಹೋದದ್ದು ನನ್ನ ಹೊಟ್ಟೆಗೇ ವಾಪಸು ಬರಬೇಕು."

ದೋಣಿಯನ್ನು ಅಳಿವೆ ಬಾಯಿ ಮುಟ್ಟಿಸಿ ತಂದೆವು. ಅಮ್ಮ ಮಧ್ಯಾಹ್ನ ಸಾರು ಮಾಡಿದಳು. ಊರಿನ ಅರ್ಧ ಜನ ನಮ್ಮ ಅಂಗಳದಲ್ಲೇ ಉಂಡರು.

ಚಂದ್ರಮೋಹನ್‌ಜೀಗೆ ಹೇಳು, ಆ ಜಾಗಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಲಿ. ಗಲ್ಲಾ ಮೇಲೆ ಇನ್ನೂ ನಾಲ್ಕು ದಿನ ಅವರೇ ಕೂರಲಿ. ಇಡ್ಲಿಗೆ ದುಡ್ಡು ತೆಗೆದುಕೊಳ್ಳಬೇಡ.

ನಾನು ತಡವಾಗಿ ಹೊರಡುತ್ತಿರುವುದು ಯಾಕೆಂದರೆ ನಾಳೆ ಪ್ರಜ್ಞಾಳಿಗೆ ಅಜ್ಜನ ದೋಣಿಯಲ್ಲಿ ಮೊದಲ ಗಿರಾಕಿಗಳು. ಗುಡಗಾಂವ್‌ನವರೇ. ಮೀನು ಸಿಗದಿದ್ದರೆ ಹೆಸರು ಕೆಡುತ್ತದಂತೆ. ಈಗಷ್ಟೇ ಬಂದು ಹೇಳಿ ಹೋದಳು: "ಅಪ್ಪಾ, ನೀವೂ ದೋಣಿಯಲ್ಲಿ ಇರಬೇಕು. ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಬನ್ನಿ."

ನಿನ್ನ
ಮೋನಪ್ಪ